ರಾಗಿ ಡ್ರಮ್ಮಿನ ಹಿಂದಿನ ಡಬ್ಬಿ

ಪುಟ್ಟತಾಯಮ್ಮ ಇರುವೆ ಹತ್ತಿದ ಸಕ್ಕರೆಯನ್ನು ಮೊರಕ್ಕೆ ಸುರಿದು ಬಿಸಿಲಿಗಿಟ್ಟರು. ಗಂಡನ ಕೈಗೆ ಸಿಗದಿರಲೆಂದು ಆರು ವರ್ಷ ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದ ಡಬ್ಬಿಯ ಸಕ್ಕರೆ. ಗಂಡ ತೀರಿಕೊಂಡು ಹತ್ತು ತಿಂಗಳಾದರೂ ಡಬ್ಬಿಯ ಜಾಗ ಬದಲಾಗಿರಲಿಲ್ಲ.

ಫೋನು ಬಂತು. ಪ್ರಯೋಗಾಲಯದ ಹುಡುಗಿ.

"ಅಮ್ಮಾ, ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ಯಜಮಾನ್ರು ಕೊಟ್ಟಿದ್ದ ಚರ್ಮದ ಚೂರಿನಿಂದ ಇನ್ಸುಲಿನ್ ಮಾಡೋ ಅಂಗಾಂಶ ಬೆಳೆಸಿದ್ದೀವಿ. ನೀವು ಒಪ್ಪದಿದ್ರೆ ಎಸೀಬೇಕಾಗುತ್ತೆ."

"ಅದನ್ನಿಟ್ಕೊಂಡು ಏನ್ಮಾಡ್ತೀರವ್ವ?"

"ಸಕ್ಕರೆ ನೀರು ಹಾಕಿ ನೋಡ್ತೀವಿ. ಸಕ್ಕರೆ ಕಾಯಿಲೆಗೆ ಔಷಧಿ ಹುಡುಕೋಕೆ."

"ಸತ್ತಮೇಲೂ ಅವರ ಪಥ್ಯ ಕೆಡಿಸ್ತೀರಾ?"

ಹುಡುಗಿ ನಕ್ಕಳು. ಪುಟ್ಟತಾಯಮ್ಮ ನಗಲಿಲ್ಲ.

"ಕೊನೇ ದಿನಾನೂ ನಾನು ಕೊಡ್ಲಿಲ್ಲ ಕಣವ್ವ. ಮೈಯೆಲ್ಲ ಬೆವರು, ಕೈ ನಡುಕ. ಒಂದು ಚಿಟಿಕೆ ಸಕ್ಕರೆ ಕೊಡೇ ಅಂತ ಗೋಗರೆದ್ರು. ಸಾಕು ನಾಟಕ ಅಂದೆ."

ಪುಟ್ಟತಾಯಮ್ಮ ಮೊರದ ಸಕ್ಕರೆಯನ್ನು ಬೆರಳಿನಿಂದ ಹರಡುತ್ತಲೇ ಇದ್ದರು.

"ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತಂತೆ. ಒಂದು ಚಮಚ ತಿನ್ನಿಸಿದ್ರೆ ಉಳೀತಿದ್ರು ಅಂತ ಡಾಕ್ಟರು ಆಮೇಲೆ ಅಂದ್ರು."

"ಅಮ್ಮಾ... ಬೇಡ ಬಿಡಿ. ಪತ್ರ ಕಳಿಸ್ಬೇಡಿ."

ಪುಟ್ಟತಾಯಮ್ಮ ಫೋನು ಇಟ್ಟರು. ಕೈ ತೊಳೆದು, ಕಪಾಟಿನಿಂದ ಪತ್ರ ತೆಗೆದು, ಸಹಿ ಹಾಕಿದರು. ಸಹಿಯ ಕೆಳಗೆ ನಿಧಾನವಾಗಿ ಒಂದು ಸಾಲು ಬರೆದರು. ಬೀದಿ ಕೊನೆಯ ಅಂಚೆ ಡಬ್ಬಕ್ಕೆ ತಾವೇ ನಡೆದುಹೋಗಿ ಹಾಕಿ ಬಂದರು.

"ಈ ಸಲ ಕೇಳಿದ ತಕ್ಷಣ ಕೊಡಿ."