ಮಮದಾಪುರದ ಡಬ್ಬಿ

ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಎಂದಿನಂತೆ ನಳದ ನೀರು ಬಂತು, ಹಾಲಿನವನು ಬಂದು ಹೋದ. ಮನೆಯಲ್ಲಿ ನೆಂಟರು ಯಾರೂ ಉಳಿದಿರಲಿಲ್ಲ. ಓಣಿಯವರು ಊಟ ತಂದುಕೊಟ್ಟಿದ್ದ ಡಬ್ಬಿಗಳನ್ನು ಶಾಂಭವಿ ತೊಳೆದು, ಕೊರೆಸಿದ ಹೆಸರು ನೋಡಿ ಮನೆಮನೆಗೆ ಮುಟ್ಟಿಸಿ ಬಂದಳು. ಬೇರೆ ದಿನವಾಗಿದ್ದರೆ ಒಂದು ಹಿಡಿ ಸಕ್ಕರೆಯನ್ನೋ ಶೇಂಗಾವನ್ನೋ ಹಾಕದೆ ಯಾರ ಡಬ್ಬಿಯನ್ನೂ ಹಿಂದಿರುಗಿಸುತ್ತಿರಲಿಲ್ಲ. ಸಾವಾದ ಮನೆಯಿಂದ ಮಾತ್ರ ಡಬ್ಬಿ ಬರಿದಾಗಿಯೇ ಹೋಗಬೇಕು. ಕಡೆಗೆ ಒಂದು ಉಳಿಯಿತು. ಮುಚ್ಚಳದ ಮೇಲೆ 'ರಾಚವ್ವ, ಮಮದಾಪುರ' ಎಂದಿತ್ತು.

"ಚೇತನ ಮೊಸರ ತಂದಿದ್ದಲ್ಲ, ಆ ಡಬ್ಬಿ ಇದು," ಎಂದರು ಅತ್ತೆ ಗುರುಬಸವ್ವ. "ಸೂಟಿಯಾಗ ನೀವಿಬ್ರೂ ಕೆರಿ ನೋಡಾಕ ಹೋದಾಗ ಇಸ್ಕೊಂಡ ಬಂದಿದ್ದ. ಹೋದಾವನ ಮ್ಯಾಲ ಮಂದಿ ಸಾಮಾನ ಇರಬಾರದವಾ. ಇವತ್ತ ಕೊಟ್ಟ ಬಾ."

"ಇದನ್ನೂ ಬರಿದ ಒಯ್ಯಲೇನ್ರಿ?"

"ಬರಿದ ಒಯ್ಯಿ," ಎಂದು ಅತ್ತೆ ಮುಖ ತಿರುಗಿಸಿದರು.

ಶಾಂಭವಿಯ ಗಂಡ ಚೇತನಕುಮಾರ ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕುಸಿದು ಹದಿಮೂರು ದಿನವಾಗಿತ್ತು. ಬಂದವರೆಲ್ಲ ಅವನನ್ನು ಹೊಗಳಿದ್ದರು. ದೇವರಂಥವ, ಎಂದೂ ಸುಳ್ಳಾಡದವ, ಇರುವೆಗೂ ನೋವು ಮಾಡದವ. ಅವರು ಹೊಗಳಿದಷ್ಟೂ ಶಾಂಭವಿಗೆ ಅವನು ಅಳಿಸಿಹೋಗುತ್ತಿದ್ದ. ಕಣ್ಣು ಮುಚ್ಚಿದರೆ ಮಾಲೆ ಹಾಕಿದ ಫೋಟೊ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಅಳುವೂ ಬರಲಿಲ್ಲ. ಯಾರೋ ಹೇಳುವ ಯಾರೋ ಒಬ್ಬನಿಗಾಗಿ ಅಳುವುದು ಹೇಗೆ?

ಬಬಲೇಶ್ವರದ ಮೇಲೆ ಹಾಯ್ದು ಬಂದ ಬಸ್ಸು ಅವಳನ್ನು ಮಮದಾಪುರದಲ್ಲಿ ಇಳಿಸಿತು. ರವಿವಾರವಾದ್ದರಿಂದ ಕೆರೆಯ ಏರಿಯ ಮೇಲೆ ವಿಜಯಪುರದಿಂದ ಬಂದವರು ಅಲ್ಲಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಬಾದಶಹನ ಕಾಲದ ಕಲ್ಲುಗಳ ಮೇಲೆ ಯಾರೋ ಒದ್ದೆ ಟವೆಲು ಒಣಹಾಕಿದ್ದರು. ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಮುಂದೆ ಮೊಸರಿನ ಗಡಿಗೆ ಇಟ್ಟುಕೊಂಡು ರಾಚವ್ವ ಕೂತಿದ್ದಳು. ತಲೆತುಂಬ ಸೆರಗು ಹೊದ್ದು ಬರುತ್ತಿದ್ದ ಶಾಂಭವಿಯನ್ನು ದೂರದಿಂದಲೇ ಗುರುತು ಹಿಡಿದಳು.

"ಬಂದ್ಲ ನೋಡು, ಉದ್ದ ಮೂಗಿನಾವನ ಹೇಣ್ತಿ! ನಿನ್ನಷ್ಟ ಕಳಸ್ಯಾನೇನ? ಮಾರಿ ತೋರ್ಸಾಕ ನಾಚಿಕಿ ಬಂತೇನ ಅವಗ?"

ಉದ್ದ ಮೂಗು. ಫೋಟೊದಲ್ಲಿ ಅವನು ನೇರ ಮುಂದೆ ನೋಡುತ್ತಿದ್ದ. ಮೂಗಿನ ಉದ್ದ ಅಲ್ಲಿ ಕಾಣುತ್ತಲೇ ಇರಲಿಲ್ಲ. ಶಾಂಭವಿ ಡಬ್ಬಿ ಹಿಡಿದುಕೊಂಡೇ ನಿಂತಳು.

"ಅವರು ಅಂಥಾದ್ದೇನ ಮಾಡಿದ್ರ, ಆಯಿ?" ಎಂದು ಕೇಳಿದಳು.

"ಏನ ಮಾಡಿಲ್ಲ, ಅದನ್ನ ಕೇಳು! 'ಈ ಕೆರಿ ಕಟ್ಟಿಸಿದ ಬಾದಶಾ ಕನಸಿನಾಗ ಬಂದಿದ್ದ, ರಾಚವ್ವನ ಕಡೆ ಮೊಸರ ತಿಂದ ಬಾ ಅಂದ' ಅಂತ ಸುಳ್ಳ ಹೇಳಿ ಗಡಿಗಿ ಬಳದ ತಿಂದ. ಆಮ್ಯಾಲ ನನ್ನ ಎಮ್ಮಿ ಕೊಳ್ಳಾಗ ಕೈ ಹಾಕಿ ಫೋಟೊ ತಗಸ್ಕೊಳ್ಳಾಕ ಹೋದ. ಅದು ಬೆದರಿ ನೀರಿಗೆ ಬಿತ್ತು, ಅದರ ಹಿಂದ ಇಂವಾನೂ ಬಿದ್ದ. ಮೊಣಕಾಲಮಟ ನೀರು, ಯವ್ವಾ! ಮುಳಗಿದೆ, ಮುಳಗಿದೆ ಅಂತ ಊರ ಕೂಡ್ಸಿದ."

ಅವನ ಆ ಕೀರಲು ಕೂಗು ಶಾಂಭವಿಗೆ ಸ್ಪಷ್ಟವಾಗಿ ಕೇಳಿತು. ಅಂದು ಅವನ ಚಪ್ಪಲಿ ಹಿಡಿದುಕೊಂಡು ಇದೇ ಏರಿಯ ಮೇಲೆ ನಿಂತಿದ್ದಳು. ಈಗಲೂ ನಗು ತಡೆಯಲಾಗಲಿಲ್ಲ.

"ನಗತಿಯಲ್ಲಬೇ! ಬರೂ ರವಿವಾರ ತರ್ತೀನಿ ಅಂದಾವ, ಎಷ್ಟ ರವಿವಾರ ಆದೂ? ಮದಿವ್ಯಾಗ ನಮ್ಮವ್ವ ಕೊಟ್ಟ ಡಬ್ಬಿ ಇದು. ಅವನ ಬಾಯಾಗ ಮಣ್ಣ ಹಾಕ!" ಎನ್ನುತ್ತ ರಾಚವ್ವ ಡಬ್ಬಿಯನ್ನು ಕಸಿದುಕೊಂಡು ಮುಚ್ಚಳ ತೆಗೆದಳು.

ಒಳಗೆ ಸಕ್ಕರೆ ಇರಲಿಲ್ಲ, ಶೇಂಗಾ ಇರಲಿಲ್ಲ. ಅವಳು ಡಬ್ಬಿಯನ್ನು ಬೋರಲು ಮಾಡಿ ನೋಡಿದಳು. ಆಮೇಲೆ ಶಾಂಭವಿಯ ಸೆರಗಿನ ಅಡಿಯಲ್ಲಿದ್ದ ಬರಿ ಕೊರಳನ್ನು ನೋಡಿದಳು.

"ಯಾವಾಗವಾ?"

"ಹದಿಮೂರ ದಿನ ಆತ್ರಿ."

"ನನ್ನ ನಾಲಿಗಿಗೆ ಹುಳ ಬೀಳ್ಲಿ. ಎಂಥಾ ಮಾತಾಡಿದೆ!" ರಾಚವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. "ಬಂಗಾರದಂಥಾ ಮನಷ್ಯಾ ಇದ್ದ, ಯವ್ವಾ. ದೇವರಂಥಾವ…"

ಕಣ್ಣೆದುರು ಬಂದಿದ್ದ ಆ ಉದ್ದ ಮೂಗು ಮತ್ತೆ ಮಾಸತೊಡಗಿತು. ಶಾಂಭವಿ ಗಾಬರಿಯಿಂದ ಅವಳ ಕೈ ಹಿಡಿದುಕೊಂಡಳು.

"ಬ್ಯಾಡ್ರಿ ಆಯಿ, ಹೊಗಳಬ್ಯಾಡ್ರಿ. ಮೊದಲಿನಂಗ ಬೈರಿ. ನೀವು ಬೈದಾಗ ನನಗ ಅವರ ಮಾರಿ ಕಾಣ್ತದ."

"ಸತ್ತಾವರನ್ನ ಬೈಬಾರದ, ತಂಗಿ."

"ಗೊತ್ತೈತ್ರಿ." ಹದಿಮೂರು ದಿನ ಎಲ್ಲಿಯೋ ನಿಂತಿದ್ದ ನೀರು ಶಾಂಭವಿಯ ಕಣ್ಣಿಗೆ ಬಂತು. "ಆದ್ರ ನನಗೂ ಸಂಜೀಕ ಬರ್ತೀನಿ ಅಂತ ಹೇಳಿ ಹೋಗಿದ್ರು."

ರಾಚವ್ವ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಗೋಣಿಚೀಲದ ಮೇಲೆ ಅರ್ಧ ಜಾಗ ಬಿಟ್ಟು ಸರಿದು ಕೂತಳು.

"ಸುಳ್ಳ ಭಾಡ್ಯಾ," ಎಂದಳು. "ಕುಂದರು. ಬಸ್ಸ ಬರೂಮಟ ಇಬ್ರೂ ಕೂಡಿ ಬೈಯೂಣು."