ಹಿಮ್ಮಡಿಯ ಗುಂಡಿ

ದೊಡ್ಡ ಯುದ್ಧಕ್ಕೆ ಐದಾರು ವರ್ಷ ಮುಂಚಿನ ಮಾತು. ಆಗಸ್ಟ್ ಕೊನೆ, ಭೂಮಿಯ ದಕ್ಷಿಣಕ್ಕಿರುವ ನಮ್ಮ ನಾಡಲ್ಲಿ ಚಳಿಗಾಲ ಇನ್ನೂ ಬಿಟ್ಟಿರಲಿಲ್ಲ. ಹದಿನೈದು ದಿನದಿಂದ ಮಳೆಯೂ ಇಲ್ಲ. ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಬ್ಯಾಲರಾಟ್‌ನ ನಮ್ಮ ಫುಟ್‌ಬಾಲ್ ಮೈದಾನದಲ್ಲಿ ನೆಲ ಗಟ್ಟಿಮಾಡಲು ಕುದುರೆಗೆ ರೋಲರ್ ಕಟ್ಟುತ್ತಿದ್ದೆ; ಮೈದಾನ ನೋಡಿಕೊಳ್ಳುವ ಕೆಲಸ ನನ್ನದು. ಕ್ಲಬ್ಬಿನ ಕಾರ್ಯದರ್ಶಿ ಗಿಲ್‌ಕ್ರಿಸ್ಟ್ ಬಂದರು.

"ಅಮೋಸ್, ಗೋಲಿನ ಮುಂದೆ ಹತ್ತು ಸುತ್ತು ಹೊಡಿ. ಆ ಟ್ರೆಂಬತ್ ಹಿಮ್ಮಡಿ ಊರಿದ್ರೂ ಗುಂಡಿ ಬೀಳಬಾರದು. ಈ ಕಾಲದಲ್ಲಿ ಯಾರಯ್ಯಾ ಚೆಂಡನ್ನ ನೆಲದಲ್ಲಿ ಕೂರಿಸಿ ಒದೀತಾರೆ? ಊರೆಲ್ಲ ನಗ್ತಿದೆ. ಅವನೂ ಎಲ್ಲರ ಹಾಗೆ ಕೈಯಿಂದ ಬಿಟ್ಟು ಒದೀಲಿ."

ಪರ್ಸಿ ಟ್ರೆಂಬತ್ ಗಣಿ ಕೆಲಸದವನು, ಶನಿವಾರ ನಮ್ಮ ತಂಡದಲ್ಲಿ ಆಡುತ್ತಿದ್ದ. ಗೋಲಿಗೆ ಒದೆಯುವ ಮುಂಚೆ ಹಿಮ್ಮಡಿಯಲ್ಲಿ ಬಟ್ಟಲಷ್ಟು ಗುಂಡಿ ತೋಡಿ, ಚೆಂಡನ್ನು ಅದರಲ್ಲಿ ನಿಲ್ಲಿಸಿ, ಏಳು ಹೆಜ್ಜೆ ಹಿಂದೆ ಹೋಗಿ ಓಡಿಬರುತ್ತಿದ್ದ. ತಪ್ಪುತ್ತಿದ್ದುದು ಕಡಿಮೆ. ಸೋಮವಾರ ಬುಟ್ಟಿಯಲ್ಲಿ ಮಣ್ಣು ಹೊತ್ತು ಆ ಗುಂಡಿಗಳನ್ನು ಮುಚ್ಚುವುದು ನನ್ನ ಪಾಲಿನ ಕೆಲಸ. ಬೈದರೆ ನಗುತ್ತಿದ್ದ. "ವಾರವೆಲ್ಲ ಬೇರೆಯವರಿಗೆ ಗುಂಡಿ ತೋಡ್ತೀನಿ ಅಣ್ಣಾ. ಶನಿವಾರ ನನಗೆ ಅಂತ ಒಂದು ಬೇಡ್ವಾ?"

ಅವನ ಗಣಿ ಆ ತಿಂಗಳು ಮುಚ್ಚುವುದರಲ್ಲಿತ್ತು. ಶನಿವಾರದ ಪಂದ್ಯ ಗೆದ್ದುಕೊಟ್ಟರೆ ಕ್ಲಬ್ಬಿನ ಅಧ್ಯಕ್ಷರು ತಮ್ಮ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಕೊಡುವ ಮಾತಾಗಿತ್ತು. ಇಲ್ಲದಿದ್ದರೆ ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ಪಶ್ಚಿಮದ ಗಣಿಗಳಿಗೆ ಹೋಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನನ್ನ ಹುಲ್ಲಿನ ಆಸೆ ನನಗೆ. ಅವರು ಹತ್ತು ಹೇಳಿದ್ದರು, ನಾನು ಹದಿನಾಲ್ಕು ಸುತ್ತು ಹೊಡೆದೆ.

ಶನಿವಾರ ಕೊನೆಯ ಗಂಟೆ ಬಾರಿಸಿದಾಗ ನಾವು ಐದು ಅಂಕ ಹಿಂದೆ. ಗಂಟೆಗೆ ಮೊದಲೇ ಚೆಂಡನ್ನು ಗಾಳಿಯಲ್ಲೇ ಕೈಯಲ್ಲಿ ಹಿಡಿದಿದ್ದರಿಂದ, ನಮ್ಮ ಕಡೆಯ ಆಟದ ನಿಯಮದಂತೆ, ಟ್ರೆಂಬತ್‌ಗೆ ಒಂದು ಒದೆತ ಬಾಕಿ ಇತ್ತು; ಗೋಲಾದರೆ ಆರು ಅಂಕ. ಹಿಮ್ಮಡಿ ಊರಿದ. ನೆಲ ಜಗ್ಗಲಿಲ್ಲ. ಮತ್ತೆ ಊರಿದ, ಮತ್ತೆ.

"ಏನಪ್ಪಾ, ಆಲೂಗಡ್ಡೆ ನೆಡ್ತಿದ್ದೀಯಾ?" ಬೇಲಿಯ ಆಚೆಯಿಂದ ಒಬ್ಬ ಕೂಗಿದ. ಜನ ಗೊಳ್ಳೆಂದರು.

"ಬೇಗ ಒದಿಯಯ್ಯಾ, ಕತ್ತಲಾಗತ್ತೆ," ಎಂದ ಅಂಪೈರ್.

ಟ್ರೆಂಬತ್ ತಲೆಯೆತ್ತಿ ನಾನು ನಿಂತ ಕಡೆ ನೋಡಿದ. ಆಮೇಲೆ ಚೆಂಡನ್ನು ಕೈಯಿಂದ ಬಿಟ್ಟು ಒದ್ದ. ಅದು ಕಂಬಕ್ಕೆ ಬಡಿಯಿತು. ಕಂಬಕ್ಕೆ ಬಡಿದರೆ ಒಂದೇ ಅಂಕ. ಸೋತೆವು.

ಜನ ಚದುರಿದ ಮೇಲೆ ಬೂಟು ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. ಕಾಲುಚೀಲದ ಹಿಮ್ಮಡಿಯಲ್ಲಿ ರಕ್ತ. "ಹುಲ್ಲು ಚೆನ್ನಾಗಿ ಬಂದಿದೆ ಅಣ್ಣಾ," ಎಂದ. ಕೊಂಕು ಮಾತು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

"ಪರ್ಸೀ..." ಎಂದೆ. ಅವನು ಆಗಲೇ ಗೇಟಿನ ಕಡೆ ತಿರುಗಿದ್ದ.

ಸೋಮವಾರ ಎಂದಿನಂತೆ ಮಣ್ಣಿನ ಬುಟ್ಟಿ ಹೊತ್ತು ಗೋಲಿನ ಮುಂದೆ ಹೋಗಿ ನಿಂತೆ. ಮುಚ್ಚಲು ಏನೂ ಇರಲಿಲ್ಲ. ಮಂಗಳವಾರ ಬೆಳಗಿನ ರೈಲಿಗೆ ಟ್ರೆಂಬತ್ ಹೊರಟುಹೋದ.