ಕ್ಯಾಮರಾಕ್ಕೆ ಸಿಗದವರು

ತಿರುವಿನಲ್ಲಿ ಹಾರ್ನ್ ಕೇಳಿದ್ದೇ ಜಟ್ಟು ಕೈ ಎತ್ತಿದ. ದೋಣಿಗೆ ಬಲೆ ಏರಿಸುತ್ತಿದ್ದವರು ಹಾಗೇ ನಿಲ್ಲಿಸಿದರು. ದೋಣಿ ತೆಂಗಿನ ಮಡಲಿನ ಚಪ್ಪರದೊಳಗೆ ಹೋಯಿತು. ಹೆಂಗಸರು ಬುಟ್ಟಿ ಎತ್ತಿಕೊಂಡು ಗಾಳಿಮರಗಳ ಹಿಂದೆ ಸರಿದರು. ಮೋಟಾರ್‌ಸೈಕಲ್ ಮರಳಿನ ಅಂಚಿಗೆ ಬಂದು ನಿಲ್ಲುವಷ್ಟರಲ್ಲಿ ಕಿನಾರೆಯಲ್ಲಿ ಕಾಗೆಗಳು ಮಾತ್ರ ಇದ್ದವು.

ಬಂದವನ ಹೆಸರು ಸುಜಯ. ಹೆಗಲಿಗೆ ವಿಡಿಯೊ ಕ್ಯಾಮರಾ. ಕಾರವಾರದಲ್ಲಿ ರೂಮು ಮಾಡಿದ್ದಾನಂತೆ. ಮೊದಲ ದಿನವೇ ಹೇಳಿದ್ದ: "ದಡದಿಂದ ಬಲೆ ಎಳೆಯೋ ಕೆಲಸ ಇನ್ನೆಷ್ಟು ವರ್ಷ ಇರುತ್ತೋ. ನಿಮ್ಮ ದುಡಿಮೆಯದೊಂದು ಸಿನಿಮಾ ಮಾಡಿಡ್ತೇನೆ. ಮೊಮ್ಮಕ್ಕಳು ನೋಡಬೇಡವಾ?"

ಮಾತು ಚೆನ್ನಾಗಿತ್ತು. ಅದಕ್ಕೇ ಜಟ್ಟು ನಂಬಲಿಲ್ಲ.

ಇವರೆಲ್ಲ ಮೊದಲು ಅರ್ಗಾ ಊರಿನವರು. ನೌಕಾನೆಲೆಗೆ ಜಾಗ ಹೋಗುವ ಮುಂಚೆ ಅಲ್ಲಿಗೂ ಒಬ್ಬ ಕ್ಯಾಮರಾ ತಂದಿದ್ದ. ಮನೆಮನೆಯವರೂ ಹೆಸರು ಬರೆದ ಪಾಟಿ ಹಿಡಿದು ಹೊಸ್ತಿಲಲ್ಲಿ ನಿಂತರು. ಜಟ್ಟುವಿನ ತಾಯಿ ಅಬ್ಬಲಿ ಹೂ ಮುಡಿದು ನಿಂತಿದ್ದಳು. ಆ ಫೋಟೊದ ಮನೆಗಳಲ್ಲಿ ಒಂದೂ ಈಗಿಲ್ಲ. ಅಂಕೋಲೆ ಕಡೆಯ ಈ ದಡಕ್ಕೆ ಬಂದು ಬಲೆ ಹಾಕತೊಡಗಿ ಏಳೆಂಟು ವರ್ಷವಾಯಿತು. ಈಗ ಇಲ್ಲೂ ಯಾವುದೋ ಕಂಪನಿ ಜೆಟ್ಟಿ ಕಟ್ಟುವ ಮಾತು ಎದ್ದಿದೆ. ದೀಪಾವಳಿ ಕಳೆದ ಮೇಲೆ ಜನರ ಅಹವಾಲು ಕೇಳುವ ಸಭೆ.

"ಫೋಟೊದಲ್ಲಿ ಸಿಕ್ಕವ್ರನ್ನೇ ಎಬ್ಸೂದು," ಎಂದ ಜಟ್ಟು. "ಸಿಗ್ದೇ ಹೋದ್ರೆ ಯಾರನ್ನ ಎಬ್ಸ್ತಾರೆ?"

"ಇವ ಎಂತ ಹಿಡೀತ ಜಟ್ಟಣ್ಣ," ಬಲೆ ಎಳೆಯುವ ಸಾಯಿನಾಥ ನಕ್ಕ. "ರಸ್ತೆ ಮೇಲೆ ದನ ಇಲ್ದಿದ್ರೂ ಹಾರ್ನ್ ಹೊಡೀತ. ಪಾಪ, ನಮ್ಗೆ ಹೇಳೇ ಬತ್ತ!"

ಗೋದಾವರಿ ಮಾತ್ರ ನಗಲಿಲ್ಲ. ಅವಳು ಜಟ್ಟುವಿನ ತೀರಿಹೋದ ತಮ್ಮನ ಹೆಂಡತಿ.

"ನಿನ್ನ ತಮ್ಮ ಬಲೆ ಎಳೆಯೂ ಒಂದು ಚಿತ್ರ ಉಂಟಾ ಭಾವ? ಪಾಟಿ ಹಿಡ್ಕಂಡ ಫೋಟೊನೂ ತೆಗ್ದವ್ರ ಹತ್ರನೇ ಉಳೀತು. ನಾವು ದುಡ್ದದ್ದಕ್ಕೆ ಸಾಕ್ಷಿ ಎಂತದು?"

"ಕೈಮೇಲೆ ಹಗ್ಗದ ಗೀರು ಇಲ್ವಾ? ಅದೇ ಸಾಕ್ಷಿ."

ಸುಜಯ ದಿನಾ ಬಂದ. ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟು, ದಡದ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುತ್ತಿದ್ದ. ಯಾರನ್ನೂ ಕರೆಯಲಿಲ್ಲ, ಹುಡುಕಲಿಲ್ಲ. ಬೇಸರವನ್ನೂ ತೋರಲಿಲ್ಲ. ಅವನು ಹೋಗುವುದನ್ನೇ ಕಾಯುತ್ತ ಒಂದೆರಡು ಸಲ ಬಂಗಡೆಯ ಹಿಂಡೇ ತಪ್ಪಿಹೋಯಿತು. ಒಲೆಯ ಮೇಲೆ ಬರಿ ಗಂಜಿ ಬೆಂದಿತು.

"ಹೋಗ್ಲಿ," ಎಂದ ಜಟ್ಟು. "ದಡ ಉಳಿದ್ರೆ ಮೀನು ಬತ್ತದೆ."

ಒಂದು ಬೆಳಿಗ್ಗೆ ಹಾರ್ನ್ ಕೇಳಿದರೂ ಗೋದಾವರಿ ಮರಗಳ ಹಿಂದೆ ಹೋಗಲಿಲ್ಲ. ಅಬ್ಬಲಿ ಮುಡಿದು, ಮರಳಿನ ಮೇಲೆ ಮೀನು ಹರವುತ್ತ ನಿಂತಳು. ಸುಜಯ ಕ್ಯಾಮರಾದಲ್ಲಿ ಕಣ್ಣಿಟ್ಟ. ಕಣ್ಣು ತೆಗೆದ. ನಕ್ಕ.

"ಅಕ್ಕಾ, ಸ್ವಲ್ಪ ಆಚೆ ಹೋಗ್ತೀರಾ? ಬೆಳಕು ಸರಿ ಇಲ್ಲ."

ಅವಳು ಮೀನು ಬಾಚಿ ಬುಟ್ಟಿಗೆ ತುಂಬಿಕೊಂಡು ಬಂದಳು.

"ಎಂತದೇ ಗೋದಕ್ಕ, ಹೀರೋಯಿನ್ ಆಗ್ಲಿಲ್ವಾ?" ಮೀನು ಮಾರುವ ಹೀರಾ ಛೇಡಿಸಿದಳು. ಮರಗಳ ಹಿಂದೆ ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಬೆಳಕು ಸರಿ ಇಲ್ಲ ಅಂದ," ಗೋದಾವರಿ ಅಬ್ಬಲಿ ಕಿತ್ತು ಬಿಸಾಕಿದಳು. "ಸೂರ್ಯ ಅವನ ಬೆನ್ನಿಗಿದ್ದ. ಬಿಸಿಲು ನನ್ನ ಮುಖದ ಮೇಲೇ ಇತ್ತು."

ಆಮೇಲೆ ಅವಳೂ ಉಳಿದವರ ಜೊತೆ ಅಡಗಿದಳು. ಹಬ್ಬದ ಹೊತ್ತಿಗೆ ಸುಜಯ ಬರುವುದನ್ನು ಬಿಟ್ಟ. ಸೋತು ಹೋದ ಎಂದುಕೊಂಡರು. ಜಟ್ಟುವಿನ ಹೆಸರು ಹೇಳಿ ಸಾಯಿನಾಥ ಎಲ್ಲರಿಗೂ ಚಹಾ ಕುಡಿಸಿದ.

ಸಭೆ ಅಂಕೋಲೆಯಲ್ಲಿ. ಕಂಪನಿಯವರ ಸಾಲಿನಲ್ಲಿ, ಸಿನಿಮಾ ಮೆಷಿನ್ನಿನ ವೈರು ಹಿಡಿದುಕೊಂಡು, ಸುಜಯ ಕೂತಿದ್ದ.

"ಕಂಡ್ರಾ?" ಜಟ್ಟು ಹೆಮ್ಮೆಯಿಂದ ಪಿಸುಗುಟ್ಟಿದ. "ನಾ ಹೇಳ್ಲಿಲ್ವಾ, ಕಂಪನಿಯವ್ನೇ ಅಂತ!"

ಅಧಿಕಾರಿ ಕೇಳಿದರು: "ಆ ದಡದಲ್ಲಿ ದಿನಾ ಬೆಳಿಗ್ಗೆ ಬಲೆ ಎಳೀತೀವಿ ಅನ್ನೋರು ನೀವೇನಾ?"

"ನಾವೇ ಸಾಹೇಬ್ರೆ. ಅದು ಬಿಟ್ರೆ ನಮ್ಗೆ ಬೇರೆ ಹೊಟ್ಟೆಪಾಡಿಲ್ಲ." ಗೀರು ಬಿದ್ದ ಕೈಗಳು ಒಟ್ಟಿಗೇ ಮೇಲೆದ್ದವು.

"ಕಂಪನಿಯವರು ಒಂದು ಚಿತ್ರ ತಂದಿದ್ದಾರೆ. ಮೊದಲು ಅದನ್ನು ನೋಡೋಣ."

ಲೈಟು ಆರಿತು. ಕತ್ತಲಲ್ಲಿ ಸಾಯಿನಾಥ ಕಿಸಕ್ಕೆಂದ. "ಹಾಕ್ಲಿ ಹಾಕ್ಲಿ. ಅದ್ರಲ್ಲಿ ಯಾರಿದ್ದಾರೆ?"

ಗೋಡೆಯ ಮೇಲೆ ಬೆಳಗಿನ ಬಿಸಿಲು ಬಿತ್ತು: ಅಲೆ, ಕಾಗೆಗಳು, ಒಬ್ಬ ಮನುಷ್ಯನೂ ಇಲ್ಲದ ದಡ; ಮರುದಿನವೂ ಅದೇ, ಅದರ ಮರುದಿನವೂ ಅದೇ.